ಮನೆಯಲ್ಲೇ ಉಳಿದ ಬೀಕನ್

ಹಿಮಕಾವಲು ಪಡೆಯ ಮುಖ್ಯಸ್ಥರಾದ ಓತಾನಿ ಅವರಿಗೆ,

ಹಿಮ ಬಿಡದೆ ಸುರಿಯುತ್ತಿದೆ. ನೀವು ಬೆಚ್ಚಗಿದ್ದೀರೆಂದು ನಂಬಿದ್ದೇನೆ.

ಕಳೆದ ಚಳಿಗಾಲ ಹಿಮ ಕುಸಿದು ಸೊಂಟದವರೆಗೆ ಹೂತುಹೋದ ಮೇಲೆ ನಮ್ಮ ಯಜಮಾನರು, ಬೆಟ್ಟದ ಹಿಂಬದಿಗೆ ಇನ್ನು ಸ್ಕೀ ಒಯ್ಯುವುದಿಲ್ಲವೆಂದು ಮನೆಯ ಬುದ್ಧಪೀಠದ ಮುಂದೆ ಆಣೆಯಿಟ್ಟರು. ಅಂದಿನಿಂದ ಊರ ಬಿಸಿನೀರ ಬುಗ್ಗೆಯ ಮೇಲೆ ಅವರಿಗೆ ವಿಪರೀತ ಭಕ್ತಿ. ದಿನವೂ ಸ್ನಾನಕ್ಕೆ ಹೋಗುತ್ತಾರೆ. ಟವೆಲ್ ಮಾತ್ರ ಒಣಗಿದ್ದು ಒಣಗಿದಂತೆಯೇ ಮರಳುತ್ತದೆ.

ಕೇಳಿದರೆ, "ಗಾಳಿಗೆ ಆರ್ತು ಕಣೇ. ನೀನೇನು ಪೊಲೀಸಾ?" ಅನ್ನುತ್ತಾರೆ. ಈ ಚಳಿಗಾಳಿಗೆ ಒದ್ದೆ ಟವೆಲ್ ಹಲಗೆಯಾಗುತ್ತದೆಂದು ನಮ್ಮ ಬೆಕ್ಕಿಗೂ ಗೊತ್ತು.

ಇದನ್ನೂ ಸಹಿಸಬಹುದಿತ್ತು. ಆದರೆ ನಿನ್ನೆ ಅವರು ಹೊರಟ ಮೇಲೆ ನೋಡಿದರೆ, ಹಿತ್ತಿಲ ಶೆಡ್ಡಿನಲ್ಲಿದ್ದ ಸ್ಕೀ ಮಾಯವಾಗಿತ್ತು, ಹಿಮದಡಿ ಸಿಕ್ಕವರನ್ನು ಪತ್ತೆಹಚ್ಚುವ ಅವರ ಬೀಕನ್ ಮಾತ್ರ ಗೋಡೆಯ ಮೊಳೆಯಲ್ಲೇ ಇತ್ತು. ಅದು ಕಾಣದಿದ್ದರೆ ನನಗೆ ಅನುಮಾನ ಬಂದೀತೆಂದು, ಮಹಾಶಯರು ಅದನ್ನು ಬಿಟ್ಟೇ ಬೆಟ್ಟ ಹತ್ತುತ್ತಿದ್ದಾರೆ!

ಬೆಟ್ಟದ ಹಿಂಬದಿಗೆ ಹೋಗುವ ದಾರಿಯಲ್ಲಿ ನೀವು ಕಾಯುವ ಗೇಟಿನಲ್ಲಿ ಅವರನ್ನು ತಡೆಯಬೇಡಿ. ಗೇಟಿಲ್ಲದ ದಾರಿ ಹುಡುಕಿಯಾರು. ಈ ಪತ್ರದ ಜೊತೆಗೆ ಕಳಿಸಿರುವ ಬೀಕನ್ ನನ್ನದು, ನಾನೂ ಅವರೊಡನೆ ಹೋಗುತ್ತಿದ್ದ ಕಾಲದ್ದು. ಹೊಸ ಬ್ಯಾಟರಿ ಹಾಕಿದ್ದೇನೆ. ಪಡೆಯ ಹೊಸ ನಿಯಮವೆಂದು ಗದರಿಸಿ ಅವರ ಎದೆಗೆ ಕಟ್ಟಿಬಿಡಿ. ಯಾರು ಕೊಟ್ಟರೆಂದು ಮಾತ್ರ ಬಾಯಿಬಿಡಬೇಡಿ.

ಸಂಜೆ ನನ್ನೆದುರು ಕೂತು ಸುಳ್ಳು ಹೇಳುವುದಕ್ಕಾದರೂ ಅವರು ಮನೆಗೆ ಬರಬೇಕು.

ಏನೂ ಅರಿಯದವಳಾದ,
ಫುಸಾಯೆ