ಬುಡ ಮುಟ್ಟಿ ಹಿಡಿದ ಹುಲ್ಲು

ಅಂಡಮಾನ್, ೧೨-೨-೯೮

ಅವ್ವನ ಕಾಲಿಗೆ ಬಿದ್ದು ಆಶಾ ಬರೆಯುವುದು.

ನಾವು ಹುಡುಕಿಕೊಂಡು ಬಂದ ಹುಲ್ಲು ಸಿಕ್ಕಿತು. ಈ ಸಣ್ಣ ದ್ವೀಪ ಬಿಟ್ಟರೆ ಭೂಮಿಯ ಮೇಲೆ ಇನ್ನೆಲ್ಲೂ ಇಲ್ಲವಂತೆ. ತೆನೆ ಬಂದಿರದ ಕಾರಣ ಸಸ್ಯಶಾಸ್ತ್ರದ ನಮ್ಮ ಮೇಡಂಗೇ ಒಂಬತ್ತು ದಿನ ಗುರುತು ಹತ್ತಲಿಲ್ಲ. ಅದರ ಬುಡ ಚಪ್ಪಟೆ ಎಂದು ಮಾತ್ರ ಪುಸ್ತಕದಲ್ಲಿತ್ತು. ಕಣಕಟ್ಟೆಯ ರಾಗಿ ಹೊಲದಲ್ಲಿ ರಾಗಿಯಂತೆಯೇ ಕಾಣುವ ಕಳೆ ತೆಗೆಸುವಾಗ ನೀನು, "ತೆನೆ ಬರೋಗಂಟ ಕಾಯ್ಬ್ಯಾಡ ಕಣೇ, ಬುಡ ಮುಟ್ಟಿ ನೋಡು" ಅನ್ನುತ್ತಿದ್ದೆಯಲ್ಲ, ಹಾಗೇ ಕುಕ್ಕರುಗಾಲಲ್ಲಿ ಕೂತು ಮುಟ್ಟುತ್ತಾ ಹೋದೆ. ಚಪ್ಪಟೆ ಬುಡ ಬೆರಳಿಗೆ ತಾಕಿದ್ದೇ ತಡ, ಕಳೆ ಕಿತ್ತು ರೂಢಿಯಾದ ಹಾಳು ಕೈ ಅದನ್ನು ಬೇರುಸಮೇತ ಕಿತ್ತು, ಮಣ್ಣು ಕೊಡವಿ, ಹಿಂದಕ್ಕೆ ಎಸೆದೇಬಿಟ್ಟಿತು! ಮೇಡಂ ಕಿರುಚಿಕೊಂಡರು. ಇದ್ದದ್ದೇ ಹದಿನಾಲ್ಕು ಬುಡ. ಕಿತ್ತದ್ದನ್ನು ಅಲ್ಲೇ ನೆಟ್ಟು, ನಮ್ಮ ಕುಡಿಯುವ ನೀರನ್ನೇ ಹಾಕಿದೆವು. ಇವತ್ತು ಹೊಸ ಎಲೆ ಬಿಟ್ಟಿದೆ.

ನಾನು ಆರಾಮ. ದೋಣಿಯಲ್ಲಿ ಈಗ ವಾಂತಿಯಾಗುವುದಿಲ್ಲ. ನಿನ್ನ ಮಂಡಿಗೆ ಎಣ್ಣೆ ತಿಕ್ಕಿಸಿಕೋ.

ಮೇಡಂ ಅವರ ದಾಖಲೆಯಲ್ಲಿ ಗುರುತು ಹಿಡಿದವರ ಹೆಸರಿಗೆ ಒಂದು ಸಾಲಿದೆ. ಅಲ್ಲಿ "ಕೆಂಪಲಕ್ಷ್ಮಮ್ಮ, ಕಣಕಟ್ಟೆ, ಇವರ ಮಗಳು" ಎಂದು ಬರೆಸಿದ್ದೇನೆ. ನಿನಗೆ ಈ ಕಾರ್ಡ್ ಓದಿ ಹೇಳುವವರು ನಿನ್ನ ಹೆಸರನ್ನು ಎರಡು ಸಲ ಓದಲಿ.

ಆಶಾ