ಒಂದು ಸಲವೂ ಉಗ್ಗಲಿಲ್ಲ ನೀನು

ಗುರುವಾರ, ಬೆಳಗಿನ ಪಾಳಿ ಮುಗಿಸಿ ಬಂದು

ಅಣ್ಣಾ,

ನಾವು ಚೆನ್ನಾಗಿದ್ದೇವೆ. ನೀನು ಹೇಗಿದ್ದೀಯ ಎಂದು ಕೇಳುವುದಿಲ್ಲ. ಕೇಳಿದರೆ ಚೆನ್ನಾಗಿದ್ದೇನೆ ಅನ್ನುತ್ತೀಯ, ನಾನು ನಂಬುವುದಿಲ್ಲ, ಇಬ್ಬರಿಗೂ ದಂಡ. ಫೋನಿನಲ್ಲಾದರೆ ನಾನು ಕಿರುಚುತ್ತೇನೆ. ಅದಕ್ಕೇ ಕಾಗದ. ಒಂಬತ್ತನೇ ತರಗತಿಗೇ ಶಾಲೆ ಬಿಟ್ಟವಳ ಬರಹ, ತಪ್ಪಿದ್ದರೆ ತಿದ್ದಿಕೊಂಡು ಓದು.

ಭಾನುವಾರ ಬಂದು ಮಗಳು ಮಿಡಿಯನ್ನು ಕರೆದುಕೊಂಡು ಹೋಗುತ್ತೇನೆ ಎಂದು ಅಮ್ಮನಿಗೆ ಬರೆದಿದ್ದೀಯ. ಕುಡಿತ ಬಿಟ್ಟು ವರ್ಷವಾಗುತ್ತ ಬಂತು, ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದೇನೆ, ಇನ್ನು ಮಗಳು ನನ್ನ ಹತ್ತಿರ ಇರಲಿ ಎಂದು. ಅಮ್ಮ ಕಣ್ಣೊರೆಸಿಕೊಂಡು ಮಗುವಿನ ಬಟ್ಟೆಗಳನ್ನು ಚೀಲಕ್ಕೆ ತುಂಬಿದಳು. ನಾನು ತೆಗೆದು ಕಪಾಟಿಗೆ ಹಾಕಿದೆ. ಅವಳು ಮತ್ತೆ ತುಂಬಿದಳು. ನಿನ್ನ ಕಾಗದ ಬಂದಾಗಿನಿಂದ ಮನೆಯಲ್ಲಿ ಇದೇ ಆಟ. ಅತ್ತಿಗೆ ಬಿಟ್ಟುಹೋದಾಗಿನಿಂದ ಆ ಮಗುವಿನ ತಲೆ ಬಾಚಿದವಳು ನಾನು. ಒಂದು ಮಾತು ನನ್ನನ್ನು ಕೇಳಬೇಕು ಅನ್ನಿಸಲಿಲ್ಲವಲ್ಲ ನಿನಗೆ.

ನಿನ್ನ ಹಾಡು ಕೇಳಿದೆ. ಹಾಡೋ ಮಾತೋ, ಹಿಂದೆ ಡೋಲು ಬಡಿಯುತ್ತದೆ, ಮುಂದೆ ನೀನು ಜಗಲಿಯಲ್ಲಿ ಕೂತು ಹೇಳಿದ ಹಾಗೆ ಹೇಳುತ್ತ ಹೋಗುತ್ತೀಯ. ನಮ್ಮ ಲಾಂಡ್ರಿಯಲ್ಲಿ ಮೇಸ್ತ್ರಿಯೇ ಅದನ್ನು ಫೋನಿನಲ್ಲಿ ಹಾಕಿದ್ದು. ಆಸ್ಪತ್ರೆಯ ಹಾಸುಬಟ್ಟೆಗಳನ್ನು ಇಸ್ತ್ರಿ ಯಂತ್ರಕ್ಕೆ ಕೊಡುತ್ತಿದ್ದೆವು, ಒಂದು ತುದಿ ನನ್ನ ಕೈಯಲ್ಲಿ, ಇನ್ನೊಂದು ತುದಿ ನನ್ನ ಜೋಡಿಯ ಅಕ್ಕನ ಕೈಯಲ್ಲಿ.

ಸೈರನ್ ಕೂಗ್ತು, ಎದ್ದೆ. ಸೈರನ್ ಕೂಗ್ತು, ಬಿದ್ದೆ.
ನಡುವೆ ಇದ್ದದ್ದು ನಾನೋ ಬಾಟ್ಲಿಯೋ, ನೋಡ್ದೋರ್ಯಾರು?

ಅಕ್ಕ ಬಟ್ಟೆ ಹಿಡಿದುಕೊಂಡು ಹಾಗೇ ನಿಂತುಬಿಟ್ಟಳು. ಅವಳ ಗಂಡನೂ ನಿನ್ನ ಜಾತಿಯವನೇ, ಬಾಟ್ಲಿ ಜಾತಿ. "ಯಾರೇ ಇವ್ನು? ನಮ್ಮನೆ ಮಂಚದ ಕೆಳಗೆ ಕೂತು ಬರ್ದಂಗಿದ್ಯಲ್ಲೇ," ಎಂದಳು. ನನ್ನ ಅಣ್ಣ ಎಂದು ನಾನು ಹೇಳಲಿಲ್ಲ. ಎಲ್ಲರೂ ಅಳುತ್ತಿದ್ದರು. ನನಗೆ ಮಾತ್ರ ಅಳು ಬರಲಿಲ್ಲ, ಹೆದರಿಕೆಯಾಯಿತು.

ಯಾಕೆಂದರೆ ಆರು ನಿಮಿಷದ ಆ ಹಾಡಿನಲ್ಲಿ ನೀನು ಒಂದು ಸಲವೂ ಉಗ್ಗಲಿಲ್ಲ.

'ಮ' ಬಂದರೆ ಸಾಕು, ನಿನ್ನ ಬಾಯಿ ಬೀಗ ಹಾಕಿಕೊಳ್ಳುತ್ತಿತ್ತು. ಅಂಗಡಿಗೆ ಹೋಗಿ ಮೊಳೆ ಕೇಳಲಾಗದೆ ಬೆರಳು ತೋರಿಸಿ ತರುತ್ತಿದ್ದೆ. ಗೋದಾಮಿನಲ್ಲಿ ಮೂಟೆ ಹೊರುವವರು ನಿನ್ನನ್ನು ಕೆಟ್ಟ ರೇಡಿಯೋ ಎಂದು ಕರೆಯುತ್ತಿದ್ದರು. ಅವರೇ ಮೊದಲ ಗುಟುಕು ಕುಡಿಸಿದ್ದು. ಎರಡು ಗುಟುಕು ಒಳಗೆ ಹೋದರೆ ನಿನ್ನ ಮಾತು ನಲ್ಲಿ ಬಿಟ್ಟ ಹಾಗೆ. ನೀನು ಕುಡಿದದ್ದು ಬೆನ್ನುನೋವಿಗಲ್ಲ, ಮಾತಿಗೆ. ಹಾಡಿನಲ್ಲಿ ಗೋದಾಮು, ಮಾಲೀಕ, ಬೆನ್ನು ಎಲ್ಲ ಇದೆ. ಅದೊಂದನ್ನು ನುಂಗಿಬಿಟ್ಟಿದ್ದೀಯ. ಚಪ್ಪಾಳೆ ಬರುವಷ್ಟು ನಿಜ ಹೇಳಿ ಉಳಿದದ್ದನ್ನು ಜೇಬಿಗೆ ಹಾಕಿಕೊಂಡಿದ್ದೀಯ.

ಮನೆಯಲ್ಲಿ ನಾವು ನಿನ್ನ ಬಾಯಿ ಮೂಸಿ ನೋಡುತ್ತಿರಲಿಲ್ಲ. ಬಾಗಿಲಲ್ಲಿ ನಿಂತು "ಮ್... ಮ್..." ಎಂದರೆ ಅಮ್ಮ ತಟ್ಟೆ ಇಡುತ್ತಿದ್ದಳು. "ಮಿಡೀ, ಮಗಳೇ" ಎಂದು ನುಣ್ಣಗೆ ಕರೆದರೆ ನಾನು ಮಗುವನ್ನು ಎತ್ತಿಕೊಂಡು ಹಿಂದಿನ ಬಾಗಿಲಿಂದ ಓಡುತ್ತಿದ್ದೆ. ನೀನು ಎಸೆದ ಕುರ್ಚಿ ಮಿಡಿಯ ತಲೆಯ ಪಕ್ಕದ ಗೋಡೆಗೆ ಬಡಿದ ದಿನವೂ ನಿನ್ನ ಮಾತು ಎಲ್ಲೂ ತಡೆಯಲಿಲ್ಲ. ಮನೆಯಲ್ಲಿದ್ದ ಕೊನೆಯ ಎರಡು ವರ್ಷ ನೀನು ಉಗ್ಗಿದ್ದೇ ಕಡಿಮೆ. ಅವಳಿಗೆ ನೆನಪಿರುವುದು ನಿನ್ನ ನುಣುಪು ದನಿಯೊಂದೇ.

ಮೊನ್ನೆ ಅಮ್ಮ ಅವಳಿಗೆ ಹಾಡು ಕೇಳಿಸಿದಳು, ನೋಡು ನಿಮ್ಮಪ್ಪ ಎಷ್ಟು ಚೆನ್ನಾಗಿ ಹೇಳ್ತಾನೆ ಎಂದು. ಹಾಡಿನಲ್ಲಿ ನೀನು "ಮಗಳೇ" ಎಂದೆ. ಮಿಡಿ ಎದ್ದಳು. ಅಳಲಿಲ್ಲ, ಏನೂ ಇಲ್ಲ. ಚಪ್ಪಲಿ ಹಾಕಿಕೊಂಡು ಹಿಂದಿನ ಬಾಗಿಲ ಹತ್ತಿರ ಹೋಗಿ ನಿಂತು ನನ್ನ ಮುಖ ನೋಡಿದಳು. ಏಳು ವರ್ಷದ ಕೂಸು. ಮಗುವಿಗೇನು ತಿಳಿಯುತ್ತೆ ಎಂದಳು ಅಮ್ಮ. ತಿಳಿದಿರುವುದು ಮಗುವಿಗೇ.

ನಿನ್ನ ಡೋಲಿನವನು ಲಾಂಡ್ರಿಯ ಗೇಟಿಗೆ ಬಂದಿದ್ದ. ನೀನು ಕಳಿಸಿದ್ದಲ್ಲವಂತೆ, ಅವನೇ ಬಂದನಂತೆ. ಬಾಯಿ ತುಂಬ ಪುದೀನ ಮಿಠಾಯಿ, ಅದರ ಹಿಂದೆ ಏನಿತ್ತೋ ದೇವರೇ ಬಲ್ಲ. ಡೋಲು ಬಡಿಯುವಾಗ ನಿನಗೆ ಮಾತು ಸಿಕ್ಕಿಕೊಳ್ಳುವುದಿಲ್ಲವಂತೆ. ಪೆಟ್ಟಿಗೊಂದು ಮಾತು ಇಟ್ಟುಕೊಂಡು ಹೋಗುತ್ತೀಯಂತೆ, ಕೆಸರಿನಲ್ಲಿ ಕಲ್ಲಿನ ಮೇಲೆ ಕಾಲಿಟ್ಟ ಹಾಗೆ. "ಡೋಲು ನಿಂತ್ರೆ ಅವ್ನಿಗೆ ಒಂದು ಟೀ ಕೇಳೋಕೂ ಆಗಲ್ಲ ಕಣಮ್ಮ," ಎಂದ. ಓತಿಕ್ಯಾತನಿಗೆ ಬೇಲಿ ಸಾಕ್ಷಿ. ಬಂದ ದಾರಿಯನ್ನೇ ಅವನಿಗೆ ತೋರಿಸಿದೆ.

ಇನ್ನೊಂದು ಕೇಳುತ್ತೇನೆ. ಆ ಹಾಡಿನ ವಿಡಿಯೋದಲ್ಲಿ ಮುಂದಿನ ಸಾಲಿನ ಮೇಜುಗಳ ಮೇಲೆಲ್ಲ ಗ್ಲಾಸುಗಳಿವೆ. ಹಳದಿ, ಕಂದು. ಶರಬತ್ತು ಅಂತ ನನಗೆ ಹೇಳಬೇಡ. ಕುಡಿದು ಹಾಳಾದ ಕಥೆಯನ್ನು ಕುಡಿಯುವವರ ಮುಂದೆ ಹೇಳುತ್ತೀಯ, ಅವರು ಒಂದು ಗುಟುಕು ಎಳೆದು ಚಪ್ಪಾಳೆ ತಟ್ಟುತ್ತಾರೆ. ವೇದಿಕೆ ಇಳಿದು ಬಂದ ಮೇಲೆ ನಿನ್ನ ಕೈಗೆ ಏನು ಕೊಡುತ್ತಾರೆ? ನೀನು ಬೇಡ ಅನ್ನುತ್ತೀಯಾ? 'ಬೇಡ' ಅನ್ನಲು ನಿನಗೆ ಬಾಯಿ ಬರುತ್ತದಾ?

ನಿನ್ನನ್ನು ನಂಬಬೇಕು ಎಂದು ನನಗೂ ಆಸೆ ಇಲ್ಲವೆಂದಲ್ಲ. ನನ್ನನ್ನು ಹೆಗಲ ಮೇಲೆ ಹೊತ್ತುಕೊಂಡು ಬೀದಿ ಸುತ್ತಿಸಿದವನು ನೀನು. ಆದರೆ ಆಸೆಪಟ್ಟು ಒಂದು ಸಲ ಬಾಗಿಲು ತೆಗೆದದ್ದಕ್ಕೇ ಆ ಕುರ್ಚಿ ಹಾರಿದ್ದು.

ಅದಕ್ಕೇ ಕೇಳು. ಭಾನುವಾರ ಬಾ. ಒಬ್ಬನೇ ಬಾ. ಡೋಲಿನವನು ಬೇಡ, ಫೋನು ಬೇಡ, ಬೆರಳಿನಿಂದ ತೊಡೆ ತಟ್ಟಿಕೊಳ್ಳುವುದೂ ಬೇಡ. ಬಾಗಿಲ ಮುಂದೆ ನಿಂತು ಮಗಳನ್ನು ಹೆಸರು ಹಿಡಿದು ಕರೆ. ಸಿಕ್ಕಿಕೊಂಡರೆ ಸಿಕ್ಕಿಕೊಳ್ಳಲಿ. ಮಧ್ಯಾಹ್ನದವರೆಗೆ ಬೇಕಾದರೂ "ಮ್... ಮ್..." ಎನ್ನು. ಮೇಲಿನ ಮನೆಯವರು ನಗಲಿ, ನಾನು ನೋಡಿಕೊಳ್ಳುತ್ತೇನೆ. ಅಗುಳಿಯ ಮೇಲೆ ಕೈ ಇಟ್ಟುಕೊಂಡು ನಿಂತಿರುತ್ತೇನೆ. ಹೆಸರು ನುಣ್ಣಗೆ ಬಂತೋ, ಹಾಗೇ ತಿರುಗಿ ನಡೆ. ಮೆಟ್ಟಿಲಲ್ಲಿ ಕೂತು ಅಳಬೇಡ. ಅಮ್ಮ ಅತ್ತರೂ ಬಾಗಿಲು ತೆಗೆಯುವುದಿಲ್ಲ.

ಇಷ್ಟೇ.

ಬಾಗಿಲ ಒಳಗಿರುವ,
ನಿನ್ನ ತಂಗಿ

ಮರೆತಿದ್ದೆ. ಮರೆತಿರಲಿಲ್ಲ, ಬರೆಯುವುದೋ ಬೇಡವೋ ಎಂದು ಕೂತಿದ್ದೆ. ಒಂದು ತಿಂಗಳಿಂದ ಮಿಡಿಗೂ ಮಾತು ಸಿಕ್ಕಿಕೊಳ್ಳುತ್ತಿದೆ. ನಿನ್ನದೇ 'ಮ'. ಅಮ್ಮನಿಗೆ ಹೇಳಿಲ್ಲ. ಶಾಲೆಯಲ್ಲಿ ಹೆಸರು ಕೂಗಿದರೆ ಕೈ ಎತ್ತುತ್ತಾಳಂತೆ, ಬಾಯಿ ತೆಗೆಯುವುದಿಲ್ಲವಂತೆ. ನಿನ್ನೆ ಬಚ್ಚಲಿನಲ್ಲಿ ಅವಳಿಗೆ ನೀರು ಹಾಕುತ್ತ ಬಕೆಟ್ ತಟ್ಟಿದೆ, ತಟ್ಟಿದ ಹಾಗೆ ಹೇಳು ಎಂದೆ. ಅವಳ ಹೆಸರು ಪೂರ್ತಿ ಬಂತು, ಎಲ್ಲೂ ನಿಲ್ಲದೆ. ಬಕೆಟ್ ಬಿಟ್ಟರೆ ಮತ್ತೆ ಬೀಗ. ಹಾಗಂತ ನಿನ್ನ ಡೋಲಿನವನನ್ನು ನಂಬಿದೆ ಎಂದುಕೊಳ್ಳಬೇಡ. ಭಾನುವಾರ ಮಾತ್ರ ತಪ್ಪಿಸಬೇಡ. ಬಂದು ಅವಳ ಕಿವಿಗೆ ಬೀಳುವ ಹಾಗೆ ಉಗ್ಗು. ಲೋಕದಲ್ಲಿ ಹೀಗಾಗುವುದು ತನಗೊಬ್ಬಳಿಗೇ ಎಂದುಕೊಂಡಿದ್ದಾಳೆ.