ಕಿಟಕಿಗೆ ಅಡ್ಡ ನಿಂತವಳು

ಪುಟ್ಟಾ,

ಔಷಧಿ ಅಂಗಡಿಯ ಕೆಲಸಕ್ಕೆ ಬೇಗ ಹೋಗಬೇಕು, ಅದಕ್ಕೇ ನಿನ್ನನ್ನು ಏಳಿಸಲಿಲ್ಲ. ವೃದ್ಧಾಶ್ರಮದವರು ಈ ವಾರವೂ ಒಬ್ಬರನ್ನೇ ಬಿಡುತ್ತಾರಂತೆ, ಅದೂ ಕಿಟಕಿಯ ಹೊರಗಿನವರೆಗೆ ಮಾತ್ರ. ಇವತ್ತು ನೀನು ಹೋಗು. ಅಪ್ಪನ ರೇಡಿಯೋ ಬ್ಯಾಟರಿ ಮೇಜಿನ ಮೇಲಿದೆ, ಗೇಟಿನಲ್ಲಿ ಕೊಡು. ಮರೆತೆಯೋ, ನೋಡು ಮತ್ತೆ!

ಹೋದ ವಾರ "ಅಪ್ಪ ಚೆನ್ನಾಗಿ ಮಾತಾಡಿದ್ರು" ಅಂದೆನಲ್ಲ, ಅದು ಸುಳ್ಳು. ಮಾಸ್ಕ್ ಹಾಕಿಕೊಂಡು ಗಾಜಿನ ಮುಂದೆ ನಿಂತಿದ್ದೆ. ಅವರು ನನ್ನನ್ನು ದಿಟ್ಟಿಸಿ ನೋಡಿ, "ಸ್ವಲ್ಪ ಆ ಕಡೆ ಸರಿಯಮ್ಮ, ನನ್ನ ಮಗಳು ಬರೋ ಹೊತ್ತಾಯ್ತು. ನೀನು ಅಡ್ಡ ನಿಂತ್ರೆ ಅವಳು ಕಾಣಲ್ಲ," ಅಂದರು. ನರ್ಸ್ ಬೈದಾರೆಂದು ಹೆದರಿ ಮಾಸ್ಕ್ ತೆಗೆಯಲಿಲ್ಲ. ಸುಮ್ಮನೆ ಪಕ್ಕಕ್ಕೆ ಸರಿದುಬಿಟ್ಟೆ.

ನೀನು ದೂರ ನಿಂತಾದರೂ ಒಂದು ಸಲ ಮಾಸ್ಕ್ ಇಳಿಸಿ ಮುಖ ತೋರಿಸು. ಆಮೇಲೆ, ಅವತ್ತು ಮಗಳು ಬಂದಿದ್ದಳು ಅಂತ ಹೇಳು.

ಅಕ್ಕ